ಹೈಡ್ರೆಂಟ್ ಇಲ್ಲದ ಊರಿನಲ್ಲಿ ಬೆಂಕಿ ನಂದಿಸುವ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಹಳ್ಳಿಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳ ನೀರನ್ನು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬುದರ ಬಗ್ಗೆ ಗ್ರಾಮಸಭೆಗಳಲ್ಲಿ, ಅಣಕು ಪ್ರದರ್ಶನಗಳಲ್ಲಿ, ಕೆಲವೊಮ್ಮೆ ಬೆಂಕಿ ಆರಿದ ಜಾಗದಲ್ಲೇ ಜನರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಲಾಗಿದೆ. ಪಂಚಾಯಿತಿ ಸದಸ್ಯರು, ನೀರುಗಂಟಿಗಳು ಮತ್ತು ತೋಟದ ಮನೆಗಳಲ್ಲಿ ವಾಸಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆಯಲಾಗಿದೆ.

ಹೈಡ್ರೆಂಟ್ ಎಂದರೇನು? ನಮ್ಮೂರಿನಲ್ಲಿ ಅದು ಏಕಿಲ್ಲ?

ಕುಡಿಯುವ ನೀರಿನ ದೊಡ್ಡ ಕೊಳವೆಯಿಂದ ರಸ್ತೆಬದಿಯಲ್ಲಿ ಮೇಲಕ್ಕೆ ತೆಗೆದ, ಅಗ್ನಿಶಾಮಕರ ಹೋಸ್ ನೇರವಾಗಿ ಕೂರುವಂತಹ ಬಾಯಿಯುಳ್ಳ ನಲ್ಲಿಯೇ ಹೈಡ್ರೆಂಟ್. ಅದು ಕೆಲಸಕ್ಕೆ ಬರಬೇಕಾದರೆ ಎರಡು ಷರತ್ತುಗಳಿವೆ: ಕೊಳವೆಯೊಳಗೆ ಹಗಲು ರಾತ್ರಿ ಒತ್ತಡದಲ್ಲಿ ನೀರಿರಬೇಕು, ಮತ್ತು ನಿಮಿಷಕ್ಕೆ ನೂರಾರು ಲೀಟರ್ ಕೊಡುವಷ್ಟು ಅದು ದಪ್ಪವಾಗಿರಬೇಕು. ನಮ್ಮಲ್ಲಿ ಇವೆರಡೂ ಅಪರೂಪ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ಆಯ್ದ ವಾರ್ಡುಗಳಿಗೆ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಯೋಜನೆ ಬಂದದ್ದೇ ದೊಡ್ಡ ಸುದ್ದಿಯಾಗಿತ್ತು ಎಂದರೆ ಉಳಿದ ಕಡೆಯ ಸ್ಥಿತಿ ತಿಳಿಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಹೈಡ್ರೆಂಟ್ ನೆಟ್ಟರೆ ಉಳಿದ ಹೊತ್ತಿನಲ್ಲಿ ಅದರಿಂದ ಬರುವುದು ಗಾಳಿ ಮಾತ್ರ.

ಇದರ ಹಿಂದೆ ಲೆಕ್ಕಾಚಾರದ ಕಾರಣವೂ ಇದೆ. ಜಲಜೀವನ್ ಮಿಷನ್ ಯೋಜನೆ ತಲೆಗೆ ದಿನಕ್ಕೆ 55 ಲೀಟರ್ ಎಂಬ ಅಳತೆಯ ಮೇಲೆ ನಿಂತಿದೆ. ಆ ಪ್ರಕಾರ ಸಾವಿರ ಜನರಿರುವ ಊರಿಗೆ ದಿನಕ್ಕೆ ಬೇಕಾದ ನೀರು 55 ಸಾವಿರ ಲೀಟರ್. ಕೊಳವೆಗಳ ಗಾತ್ರವೂ ಅದಕ್ಕೆ ತಕ್ಕಂತೆ ಸಣ್ಣದು. ನಗರ ನೀರು ಸರಬರಾಜಿನ ವಿನ್ಯಾಸಕ್ಕಾಗಿ ದೇಶದ ಎಂಜಿನಿಯರುಗಳು ಅನುಸರಿಸುತ್ತ ಬಂದಿರುವ, ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆಯ, ಅಂದರೆ ಸಿಪಿಎಚ್‌ಇಇಒ ಕೈಪಿಡಿಯಲ್ಲಿ ಬೆಂಕಿಗೆಂದು ಪ್ರತ್ಯೇಕ ನೀರು ತೆಗೆದಿಡುವ ಸೂತ್ರವೊಂದಿದೆ: ಜನಸಂಖ್ಯೆಯನ್ನು ಸಾವಿರಗಳಲ್ಲಿ ಬರೆದು, ಅದರ ವರ್ಗಮೂಲವನ್ನು ನೂರರಿಂದ ಗುಣಿಸಿದರೆ ದಿನಕ್ಕೆ ಬೇಕಾದ ನೀರು ಕಿಲೋಲೀಟರುಗಳಲ್ಲಿ ಸಿಗುತ್ತದೆ. ಒಂದು ಲಕ್ಷ ಜನರ ಪಟ್ಟಣಕ್ಕೆ ಅದು ಸಾವಿರ ಕಿಲೋಲೀಟರ್, ಅಂದರೆ ಹತ್ತು ಲಕ್ಷ ಲೀಟರ್. ಆದರೆ ಈ ಸೂತ್ರವನ್ನು ಹೇಳಿರುವುದು 50 ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ. ಅದಕ್ಕಿಂತ ಚಿಕ್ಕ ಊರುಗಳಲ್ಲಿ ಬೆಂಕಿಗೆ ಬೇಕಾಗುವ ನೀರು ಯೋಜನೆಯ ಕಾಗದದಲ್ಲೇ ಇರುವುದಿಲ್ಲ. ಅದೇ ಕೈಪಿಡಿ ಮತ್ತೊಂದು ಮಾತನ್ನೂ ಹೇಳುತ್ತದೆ: ಬೆಂಕಿಯ ನೀರಿನ ಮೂರನೆಯ ಒಂದು ಪಾಲು ಸರಬರಾಜಿನ ಟ್ಯಾಂಕುಗಳಲ್ಲಿರಲಿ, ಉಳಿದದ್ದನ್ನು ಊರಿನ ಆಯಕಟ್ಟಿನ ಜಾಗಗಳಲ್ಲಿ ಸ್ಥಿರ ತೊಟ್ಟಿಗಳಲ್ಲಿ ತುಂಬಿಡಿ, ಸಾಧ್ಯವಿರುವಲ್ಲಿ ಹತ್ತಿರದ ಕೆರೆ, ಹಳ್ಳ, ಕಾಲುವೆಗಳಿಂದಲೇ ತುಂಬಿಸಿ. ಈ ಸಲಹೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ಅಗ್ನಿಶಾಮಕ ವಾಹನ ಎಷ್ಟು ನೀರು ತರುತ್ತದೆ? ಅದು ಎಷ್ಟು ಹೊತ್ತು ಬರುತ್ತದೆ?

ತಾಲ್ಲೂಕು ಠಾಣೆಯಿಂದ ಮೊದಲು ಹೊರಡುವ ಜಲವಾಹನದ ಟ್ಯಾಂಕ್ ಸಾಮಾನ್ಯವಾಗಿ 4,500 ಲೀಟರಿನದು. ಎಷ್ಟು ಹೊತ್ತು ಬರುತ್ತದೆ ಎಂಬುದು ನೀರನ್ನು ಯಾವ ಬಾಯಿಂದ ಬಿಡುತ್ತೇವೆ ಎಂಬುದರ ಮೇಲೆ ನಿಂತಿದೆ. ವಾಹನದ ಪಂಪು ನಿಮಿಷಕ್ಕೆ 1,800 ಲೀಟರ್ ತಳ್ಳಬಲ್ಲದು ಎಂದುಕೊಂಡರೆ, ಪೂರ್ತಿ ಬಿಟ್ಟಾಗ ಟ್ಯಾಂಕ್ ಎರಡೂವರೆ ನಿಮಿಷದಲ್ಲಿ ಬರಿದಾಗುತ್ತದೆ. 20 ಮಿ.ಮೀ. ನಾಝಲ್ (ಹೋಸಿನ ತುದಿಯ ಮೂತಿ) ಇರುವ ಒಂದು ಜೆಟ್ಟನ್ನು, ಅಂದರೆ ರಭಸದ ನೀರಿನ ಧಾರೆಯನ್ನು, ನಾಲ್ಕು ಬಾರ್ (ಬಾರ್ ಎಂಬುದು ಒತ್ತಡದ ಅಳತೆ) ಒತ್ತಡದಲ್ಲಿ ಹಿಡಿದರೆ ನಿಮಿಷಕ್ಕೆ ಸುಮಾರು 530 ಲೀಟರ್ ಹೋಗುತ್ತದೆ. ಎಂಟೊಂಬತ್ತು ನಿಮಿಷದ ಆಟ. ಅದೇ 12.5 ಮಿ.ಮೀ. ನಾಝಲ್ ಆದರೆ ಸುಮಾರು 210 ಲೀಟರ್, ಇಪ್ಪತ್ತೊಂದು ನಿಮಿಷ. ವಾಹನದ ಹಿಂಬದಿಯಲ್ಲಿ ಸುತ್ತಿಟ್ಟಿರುವ ಸಣ್ಣ ರಬ್ಬರ್ ಪೈಪಿನ ಹೋಸ್ ರೀಲನ್ನು ಬಳಸಿದರೆ ನಿಮಿಷಕ್ಕೆ 100 ಲೀಟರಿನ ಆಸುಪಾಸಿನಲ್ಲಿ ಮುಕ್ಕಾಲು ಗಂಟೆ ತಳ್ಳಬಹುದು.

ನೀರಿನ ಆಸರೆಯಿಲ್ಲದ ಕಡೆ ದಳದವರು ದೊಡ್ಡ ಹೋಸ್ ಬಿಚ್ಚದೆ ಸಣ್ಣ ಪೈಪನ್ನೇ ಹಿಡಿದಿರುವುದನ್ನು ಕಂಡು "ಪಿಚಕಾರಿ ಹೊಡೀತಿದಾರೆ" ಎಂದು ಜನ ಬೈಯುವುದುಂಟು. ಅದು ಕೈಲಾಗದ್ದಲ್ಲ, ಲೆಕ್ಕ. ಟ್ಯಾಂಕಿನ ಕೊನೆಯ ಕೆಲವು ನೂರು ಲೀಟರುಗಳನ್ನು ಅಗ್ನಿಶಾಮಕರ ಸ್ವಂತ ರಕ್ಷಣೆಗೆಂದು ಉಳಿಸಿಕೊಳ್ಳುವುದೂ ಇದೇ ಲೆಕ್ಕದ ಭಾಗ.

"ನೀರಿಲ್ಲದೆ ಖಾಲಿ ಗಾಡಿ ಬಂತು" ಎಂಬ ದೂರಿನಲ್ಲಿ ಹುರುಳಿದೆಯೇ?

ಠಾಣೆಯಲ್ಲಿ ವಾಹನವನ್ನು ತುಂಬಿಸಿಯೇ ನಿಲ್ಲಿಸಿರುತ್ತಾರೆ. ಪ್ರತಿ ಕರೆಯಿಂದ ಮರಳಿದ ಮೇಲೆ ಮೊದಲ ಕೆಲಸವೇ ಅದು. ಜನರ ಕಣ್ಣಿಗೆ ಬೀಳುವುದು ಹತ್ತನೆಯ ನಿಮಿಷದ ನಂತರದ ದೃಶ್ಯ: ನೀರು ಮುಗಿದು, ವಾಹನ ತುಂಬಿಸಿಕೊಳ್ಳಲು ಹೊರಟಾಗ, ಬೆಂಕಿ ಇನ್ನೂ ಉರಿಯುತ್ತಿರುವಾಗ ವಾಹನ ಓಡಿಹೋದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಒಂದೇ ದಿನ ನಾಲ್ಕೈದು ಹುಲ್ಲಿನ ಬೆಂಕಿಗಳ ಕರೆ ಬಂದು, ಒಂದು ಕಡೆಯಿಂದ ಅರ್ಧ ಟ್ಯಾಂಕಿನೊಡನೆ ನೇರವಾಗಿ ಇನ್ನೊಂದು ಕಡೆಗೆ ಹೋಗಬೇಕಾದ ಸಂದರ್ಭಗಳೂ ಇವೆ ಎಂಬುದನ್ನು ಮುಚ್ಚಿಡುವುದಿಲ್ಲ.

ವಾಹನದ ನೀರು ಮುಗಿದ ಮೇಲೆ ಮುಂದಿನ ನೀರು ಎಲ್ಲಿಂದ?

ಹತ್ತಿರದಲ್ಲಿ ಏನಿದೆಯೋ ಅಲ್ಲಿಂದ. ಊರಿನ ಓವರ್‌ಹೆಡ್ ಟ್ಯಾಂಕು, ಕೆರೆ, ಕೃಷಿ ಹೊಂಡ, ಕಾಲುವೆ, ಚೆಕ್ ಡ್ಯಾಂ, ಕಲ್ಯಾಣಿ, ತೆರೆದ ಬಾವಿ, ಕಾರ್ಖಾನೆಯ ನೆಲತೊಟ್ಟಿ, ಖಾಸಗಿ ಟ್ಯಾಂಕರ್ ಎಲ್ಲವೂ ಮೂಲಗಳೇ. ಇವುಗಳ ನಡುವೆ ಆಯ್ಕೆ ಮಾಡುವಾಗ ಠಾಣಾಧಿಕಾರಿ ನೋಡುವುದು ನೀರಿನ ಪ್ರಮಾಣವನ್ನಲ್ಲ, ಅಲ್ಲಿಗೆ ಹೋಗಿ ತುಂಬಿಸಿಕೊಂಡು ಬರಲು ಹಿಡಿಯುವ ಸಮಯವನ್ನು. ನೂರು ಎಕರೆಯ ಕೆರೆ ತುಂಬಿ ನಿಂತಿದ್ದರೂ ಅದರ ಅಂಚಿಗೆ ಹತ್ತು ಟನ್ನಿಗೂ ಹೆಚ್ಚು ತೂಗುವ ವಾಹನ ಇಳಿಯಲಾಗದಿದ್ದರೆ ಬೆಂಕಿಯ ಮಟ್ಟಿಗೆ ಆ ಕೆರೆಯಲ್ಲಿ ನೀರಿಲ್ಲ ಎಂದೇ ಅರ್ಥ.

ಓವರ್‌ಹೆಡ್ ಟ್ಯಾಂಕ್ ಸಾಮಾನ್ಯವಾಗಿ ಮೊದಲ ಆಯ್ಕೆ, ಏಕೆಂದರೆ ಅದು ರಸ್ತೆಯ ಬದಿಯಲ್ಲಿರುತ್ತದೆ ಮತ್ತು ಪಂಪು ಬೇಕಿಲ್ಲ. 50 ಸಾವಿರ ಲೀಟರಿನ ಟ್ಯಾಂಕು ತುಂಬಿದ್ದರೆ ಜಲವಾಹನವನ್ನು ಹನ್ನೊಂದು ಬಾರಿ ತುಂಬಿಸಬಹುದು. ತೊಳೆದ ನೀರನ್ನು ಹೊರಬಿಡಲು ಟ್ಯಾಂಕಿನ ತಳದಲ್ಲಿರುವ ದಪ್ಪ ವಾಲ್ವಿಗೆ ಹೋಸ್ ಸಿಕ್ಕಿಸುವ ವ್ಯವಸ್ಥೆಯಿದ್ದರೆ ಐದಾರು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅದಿಲ್ಲದೆ ಬೀದಿ ನಲ್ಲಿಗೆ ಪೈಪು ಕಟ್ಟಿ ತುಂಬಿಸಲು ನಿಂತರೆ ಅಷ್ಟರಲ್ಲಿ ಮನೆಯ ತೊಲೆಗಳು ಕೆಳಗೆ ಬಿದ್ದಿರುತ್ತವೆ. ಇನ್ನು ವಾಲ್ವಿನ ಕೀಲಿ ನೀರುಗಂಟಿಯ ಬಳಿಯಿದ್ದು, ಆತ ಪಕ್ಕದೂರಿನ ಮದುವೆಗೆ ಹೋಗಿದ್ದರೆ ಲೆಕ್ಕವೇ ಬೇರೆ.

ಕೃಷಿ ಹೊಂಡಗಳು ಈಚಿನ ವರ್ಷಗಳಲ್ಲಿ ದೊಡ್ಡ ಆಸರೆಯಾಗಿವೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ಬಯಲುಸೀಮೆಯ ಹೊಲಗಳಲ್ಲಿ ಇವು ಬಹಳಷ್ಟು ಕಾಣಸಿಗುತ್ತವೆ. ಮೇಲ್ಭಾಗದಲ್ಲಿ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡ ತುಂಬಿದಾಗ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ, ಅಂದರೆ ಐವತ್ತೈದು ಜಲವಾಹನಗಳಷ್ಟು. ತೊಡಕಿರುವುದು ಅದರ ಪ್ಲಾಸ್ಟಿಕ್ ಹೊದಿಕೆಯಲ್ಲಿ. ಒದ್ದೆಯಾದ ಆ ಹಾಳೆಯ ಮೇಲೆ ಕಾಲಿಟ್ಟವನು ಜಾರಿ ಒಳಗೆ ಬಿದ್ದರೆ ಈಜು ಬಂದರೂ ಹತ್ತಿ ಬರುವುದು ಕಷ್ಟ. ಆದ್ದರಿಂದ ಹೊಂಡದಿಂದ ನೀರೆಳೆಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಯಾರೂ ಅಂಚಿಗೆ ಹೋಗಬಾರದು. ನೋಡಲು ಬಂದ ಮಕ್ಕಳನ್ನಂತೂ ದೂರ ಕಳುಹಿಸಲೇಬೇಕು.

ಕೆರೆಯಿಂದ ನೀರೆಳೆಯುವ ಕೆಲಸ ಹೇಗೆ ನಡೆಯುತ್ತದೆ?

ವಾಹನವನ್ನು ನೀರಿನ ಅಂಚಿಗೆ ಆದಷ್ಟು ಹತ್ತಿರ, ಗಟ್ಟಿ ನೆಲದ ಮೇಲೆ ನಿಲ್ಲಿಸಿ ಗಾಲಿಗೆ ಅಡ್ಡೆ ಕೊಡುತ್ತಾರೆ. ಬದಿಯಲ್ಲಿ ಉದ್ದಕ್ಕೆ ಕಟ್ಟಿರುವ ದಪ್ಪನೆಯ, ಬಾಗದ ಸಕ್ಷನ್ ಹೋಸುಗಳನ್ನು ಇಳಿಸಿ ಒಂದಕ್ಕೊಂದು ಜೋಡಿಸಿ, ಸ್ಪ್ಯಾನರಿನಿಂದ ಬಿಗಿದು, ತುದಿಗೆ ಲೋಹದ ಜಾಲರಿ ಹಾಕಿ, ಅದರ ಮೇಲೊಂದು ಬೆತ್ತದ ಬುಟ್ಟಿಯನ್ನು ಕಟ್ಟುತ್ತಾರೆ. ಬುಟ್ಟಿ ಏಕೆಂದರೆ, ಜೊಂಡು ಮತ್ತು ಅಂತರಗಂಗೆಯ ಬೇರುಗಳು ಜಾಲರಿಯ ಕಣ್ಣುಗಳನ್ನು ಎರಡೇ ನಿಮಿಷದಲ್ಲಿ ಮುಚ್ಚಿಬಿಡುತ್ತವೆ. ಜಾಲರಿಯನ್ನು ಹಗ್ಗದಲ್ಲಿ ತೂಗುಬಿಟ್ಟು ತಳದ ಕೆಸರಿಗೆ ತಾಗದಂತೆ, ಮೇಲ್ಮೈಯಿಂದಲೂ ಎರಡಡಿಯಷ್ಟು ಕೆಳಗಿರುವಂತೆ ನಿಲ್ಲಿಸುತ್ತಾರೆ. ತೀರ ಮೇಲಿದ್ದರೆ ನೀರು ಸುಳಿ ತಿರುಗಿ ಗಾಳಿ ಒಳಗೆ ಹೋಗುತ್ತದೆ.

ಅನಂತರ ಚಾಲಕ ಪ್ರೈಮರ್ ಹಾಕಿ ಹೋಸಿನೊಳಗಿನ ಗಾಳಿಯನ್ನು ಹೊರತೆಗೆಯುತ್ತಾನೆ. ಆಗ ಪಂಪಿನ ಸದ್ದು ಒಣಗಿದ ಗಲಗಲ ಶಬ್ದದಿಂದ ಭಾರವಾದ ಗುಂಯ್‌ಗುಡುವಿಕೆಗೆ ತಿರುಗುತ್ತದೆ. ಅನುಭವಿ ಚಾಲಕ ಮಾಪಕ ನೋಡುವ ಮುನ್ನ ಆ ಸದ್ದಿನಿಂದಲೇ ನೀರು ಹತ್ತಿತೆಂದು ಹೇಳುತ್ತಾನೆ. ಅರ್ಧ ನಿಮಿಷವಾದರೂ ನೀರು ಹತ್ತದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಆಗ ಜೋಡಣೆಗಳ ಮೇಲೆ ಒಂದು ಚೊಂಬು ನೀರು ಸುರಿದು ನೋಡುವುದು ಹಳೆಯ ಉಪಾಯ; ನೀರನ್ನು ಒಳಗೆ ಹೀರಿಕೊಂಡ ಜೋಡಣೆಯ ವಾಷರು ಹೋಗಿರುತ್ತದೆ.

ಇದೆಲ್ಲ ತರಬೇತಿ ಮೈದಾನದಲ್ಲಿ ಎರಡು ನಿಮಿಷದ ಕೆಲಸ. ಬೇಸಿಗೆಯ ಕೆರೆಯಂಗಳದಲ್ಲಿ ಹಾಗಲ್ಲ. ನಾನು ಕಂಡ ಒಂದು ಸಂದರ್ಭದಲ್ಲಿ ಊರಂಚಿನ ಕಣದಲ್ಲಿ ಮೂರು ಹುಲ್ಲಿನ ಮೆದೆಗಳು ಉರಿಯುತ್ತಿದ್ದವು, ಕೆರೆ ಕೂಗಳತೆಯ ದೂರದಲ್ಲಿತ್ತು. ಏರಿಯ ಮೇಲಿನ ರಸ್ತೆಯಿಂದ ನೀರಿನವರೆಗೆ ಬಿರುಕುಬಿಟ್ಟ ಹದವಾದ ನೆಲ ಗಟ್ಟಿಯಾಗಿಯೇ ಕಂಡಿತು. ವಾಹನ ಮೂವತ್ತಡಿ ಹೋಗುವಷ್ಟರಲ್ಲಿ ಹಿಂದಿನ ಗಾಲಿಗಳು ಗುಂಬದವರೆಗೆ ಹೂತವು. ಒಂದು ಟ್ರ್ಯಾಕ್ಟರ್ ಎಳೆಯಿತು, ಆಗಲಿಲ್ಲ. ಎರಡನೆಯದು ಬಂದು ಸರಪಳಿ ಹಾಕಿದಾಗ ಮೇಲೆ ಬಂತು. ಆ ನಲವತ್ತು ನಿಮಿಷದಲ್ಲಿ ಮೂರರಲ್ಲಿ ಎರಡು ಮೆದೆಗಳನ್ನು ಉಳಿಸಿದ್ದು ಅಡಿಕೆ ಸಸಿಗಳಿಗೆ ನೀರು ಹೊಯ್ಯುತ್ತಿದ್ದ ರೈತರೊಬ್ಬರ ಟ್ರ್ಯಾಕ್ಟರ್ ಟ್ಯಾಂಕರು. ಅಂದಿನಿಂದ ಕೆರೆಯಂಗಳಕ್ಕೆ ಇಳಿಯುವ ಮುನ್ನ ಒಬ್ಬರನ್ನು ಮುಂದೆ ನಡೆಸಿ, ಹಿಮ್ಮಡಿಯಿಂದ ಒದ್ದು ನೋಡದೆ ವಾಹನ ಇಳಿಸಬಾರದೆಂದು ಹೇಳುತ್ತ ಬಂದಿದ್ದೇನೆ.

2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಹುಲ್ಲಿಗೇ ಬೆಂಕಿ ಬಿದ್ದಾಗಲೂ ತೊಡಕಾದದ್ದು ನೀರಿನ ಕೊರತೆಯಲ್ಲ. ಜವುಗು ನೆಲದೊಳಗೆ ಉರಿಯುವ ಜಾಗದವರೆಗೆ ತಲುಪುವುದೇ ಕಷ್ಟವಾಗಿತ್ತು. ಸೇನೆಯ ಯೋಧರೂ ನೆರವಿಗೆ ಬರಬೇಕಾಯಿತು.

ಬಾವಿ ಪಕ್ಕದಲ್ಲೇ ಇತ್ತು, ನೀರೂ ಇತ್ತು. ಆದರೂ ಪಂಪು ಏಕೆ ಎಳೆಯಲಿಲ್ಲ?

ಅತಿ ಹೆಚ್ಚು ತಪ್ಪುತಿಳಿವಳಿಕೆ ಇರುವುದು ಈ ವಿಷಯದಲ್ಲಿ. ಮೇಲೆ ನಿಂತ ಪಂಪು ನೀರನ್ನು "ಎಳೆಯುತ್ತದೆ" ಎಂದು ನಾವು ಮಾತಿಗೆ ಹೇಳುತ್ತೇವೆ. ಪಂಪು ಮಾಡುವುದು ಹೋಸಿನೊಳಗಿನ ಗಾಳಿಯನ್ನು ತೆಗೆಯುವುದಷ್ಟೇ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ನೀರಿನ ಮೇಲೆ ಕೂತಿರುವ ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡಕ್ಕೆ ನೀರನ್ನು ಹೆಚ್ಚೆಂದರೆ 10.3 ಮೀಟರ್ ಏರಿಸುವ ಶಕ್ತಿಯಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 9.2 ಮೀಟರಿನ ಆಸುಪಾಸಿಗೆ ಇಳಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಹೋಸಿನ ಘರ್ಷಣೆ, ಸಣ್ಣಪುಟ್ಟ ಸೋರಿಕೆ, ಪಂಪಿನ ಸವೆತ ಎಲ್ಲವನ್ನೂ ಕಳೆದರೆ ಕೆಲಸಕ್ಕೆ ಉಳಿಯುವುದು ಆರೇಳು ಮೀಟರ್. ನೀರು ಅದಕ್ಕಿಂತ ಕೆಳಗಿದ್ದರೆ ಎಷ್ಟು ದೊಡ್ಡ ಎಂಜಿನ್ ತಂದು ನಿಲ್ಲಿಸಿದರೂ ಪ್ರಯೋಜನವಿಲ್ಲ.

ಅಂತಹ ಬಾವಿಗಳಲ್ಲಿ ಉಳಿಯುವ ದಾರಿ ಪಂಪನ್ನೇ ನೀರಿನ ಹತ್ತಿರಕ್ಕೆ ಒಯ್ಯುವುದು. ಮೆಟ್ಟಿಲುಬಾವಿ ಅಥವಾ ಕಲ್ಯಾಣಿಯಾದರೆ ನಾಲ್ವರು ಹೊರಬಲ್ಲ ಪೋರ್ಟಬಲ್ ಪಂಪನ್ನು ಕೆಳಗಿನ ಮೆಟ್ಟಿಲಿನವರೆಗೆ ಇಳಿಸಬಹುದು. ಕೆಳಗಿನಿಂದ ಮೇಲಕ್ಕೆ ತಳ್ಳುವಾಗ ವಾತಾವರಣದ ಮಿತಿ ಅಡ್ಡಬರುವುದಿಲ್ಲ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಖರ್ಚಾಗುತ್ತದೆ ಅಷ್ಟೆ. ಆದರೆ ಪೆಟ್ರೋಲ್ ಎಂಜಿನ್ನಿನ ಹೊಗೆ ಬಾವಿಯ ತಳದಲ್ಲಿ ತುಂಬಿಕೊಂಡು ಉಸಿರುಗಟ್ಟಿಸುತ್ತದೆ, ಆದ್ದರಿಂದ ಕಿರಿದಾದ ಬಾವಿಯೊಳಗೆ ಇದನ್ನು ಯಾವ ಕಾರಣಕ್ಕೂ ಇಳಿಸಬಾರದು. ಬಾವಿಗೆ ರೈತರು ಹಾಕಿರುವ ಮೋಟಾರು ಇದ್ದು ಕರೆಂಟೂ ಇದ್ದರೆ, ಅದರಿಂದಲೇ ವಾಹನದ ಟ್ಯಾಂಕ್ ತುಂಬಿಸುವುದು ಜಾಣತನ.

ಬೋರ್‌ವೆಲ್ಲಿನಿಂದ ತುಂಬಿಸಿಕೊಳ್ಳಬಾರದೆ?

ತುಂಬಿಸಿಕೊಳ್ಳಬಹುದು, ಆದರೆ ನಿಧಾನ. ನಿಮಿಷಕ್ಕೆ 120 ಲೀಟರ್ ಕೊಡುವ ಬೋರ್‌ವೆಲ್ಲಿಗೆ 4,500 ಲೀಟರ್ ತುಂಬಿಸಲು ಮೂವತ್ತೇಳೂವರೆ ನಿಮಿಷ ಬೇಕು, ಅದೂ ತ್ರೀಫೇಸ್ ಕರೆಂಟ್ ಇರುವ ಹೊತ್ತಾಗಿದ್ದರೆ. ಬೆಂಕಿಯ ಸುದ್ದಿ ತಿಳಿದ ಕೂಡಲೇ ಮೋಟಾರು ಹಾಕಿ ನೆಲತೊಟ್ಟಿಯನ್ನೋ ಟ್ರ್ಯಾಕ್ಟರ್ ಟ್ಯಾಂಕರನ್ನೋ ತುಂಬಿಸತೊಡಗಿದರೆ ವಾಹನ ಬರುವಷ್ಟರಲ್ಲಿ ಅದೇ ಬೋರ್‌ವೆಲ್ಲು ಬಹಳ ಉಪಯೋಗಕ್ಕೆ ಬರುತ್ತದೆ.

ಒಂದಕ್ಕಿಂತ ಹೆಚ್ಚು ವಾಹನಗಳು ಬಂದರೆ ಹೇಗೆ ಹೊಂದಿಸುತ್ತಾರೆ?

ಒಂದು ವಾಹನ ಬೆಂಕಿಯ ಬಳಿ ಕದಲದೆ ನಿಂತು ಪಂಪು ನಡೆಸುತ್ತದೆ, ಉಳಿದವು ನೀರು ಹೊತ್ತು ತಂದು ಅದರ ಟ್ಯಾಂಕಿಗೆ ಸುರಿಯುತ್ತವೆ. ಹೆಚ್ಚು ನೀರು ಹಿಡಿಯುವ ವಾಟರ್ ಬೌಸರ್ ಲಭ್ಯವಿದ್ದರೆ ಅದೇ ನಡುವಿನ ತೊಟ್ಟಿಯಾಗುತ್ತದೆ.

ಲೆಕ್ಕ ಹೀಗಿದೆ. ನೀರು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದು, ಹಳ್ಳಿಯ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗ ಸಿಕ್ಕರೆ ಹೋಗಲು ಎಂಟು, ಬರಲು ಎಂಟು, ಒಟ್ಟು ಹದಿನಾರು ನಿಮಿಷ. ತುಂಬಿಸಲು ಐದು, ಸುರಿಯಲು ನಾಲ್ಕು ಸೇರಿಸಿದರೆ ಸುತ್ತೊಂದಕ್ಕೆ ಇಪ್ಪತ್ತೈದು ನಿಮಿಷ. 4,500 ಲೀಟರನ್ನು ಇಪ್ಪತ್ತೈದರಿಂದ ಭಾಗಿಸಿ: ಒಂದು ವಾಹನ ನಿರಂತರವಾಗಿ ಒದಗಿಸಬಲ್ಲ ನೀರು ನಿಮಿಷಕ್ಕೆ 180 ಲೀಟರ್ ಮಾತ್ರ. ಮೇಲೆ ಹೇಳಿದ 20 ಮಿ.ಮೀ. ಜೆಟ್ ಒಂದನ್ನು ಬಿಡುವಿಲ್ಲದೆ ನಡೆಸಬೇಕಾದರೆ ಮೂರು ವಾಹನಗಳು ಓಡಾಡುತ್ತಲೇ ಇರಬೇಕು. ಅದೇ ನೀರು ಒಂದು ಕಿಲೋಮೀಟರಿನಲ್ಲಿದ್ದರೆ ಸುತ್ತು ಹದಿಮೂರು ನಿಮಿಷಕ್ಕೆ ಇಳಿದು, ಅದೇ ವಾಹನ ಹೆಚ್ಚುಕಡಿಮೆ ಇಮ್ಮಡಿ ನೀರು ತರುತ್ತದೆ.

ಈ ಲೆಕ್ಕವನ್ನು ಕೆಡಿಸುವುದು ಬಹುತೇಕ ಸಲ ಕಿರಿದಾದ ಓಣಿ. ತುಂಬಿದ ವಾಹನ ಒಳಬರುವಾಗಲೇ ಖಾಲಿಯಾದದ್ದು ಹೊರಹೋಗಬೇಕು. ನಡುವೆ ಬೈಕುಗಳನ್ನು ನಿಲ್ಲಿಸಿ ವೀಡಿಯೊ ಮಾಡುತ್ತಿರುವವರು ಇರುತ್ತಾರೆ. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಮಾಡಿಕೊಡಲು ಊರಿನ ಇಬ್ಬರು ಹಿರಿಯರು ನಿಂತರೆ ಒಂದು ಹೆಚ್ಚುವರಿ ವಾಹನ ಬಂದಷ್ಟು ಉಪಕಾರವಾಗುತ್ತದೆ.

ಕೆರೆಯಿಂದ ಬೆಂಕಿಯವರೆಗೆ ಹೋಸ್ ಎಳೆದುಕೊಂಡು ಹೋಗಬಹುದಲ್ಲ?

ದೂರ ಕಡಿಮೆಯಿದ್ದರೆ ಖಂಡಿತ. 63 ಮಿ.ಮೀ. ಹೋಸಿನಲ್ಲಿ ನಿಮಿಷಕ್ಕೆ 500 ಲೀಟರ್ ಹರಿಸಿದರೆ ಪ್ರತಿ ನೂರು ಮೀಟರಿಗೆ ಒಂದು ಬಾರ್‌ಗಿಂತ ತುಸು ಹೆಚ್ಚು ಒತ್ತಡ ಘರ್ಷಣೆಗೆ ಹೋಗುತ್ತದೆ. ಹರಿವನ್ನು ಇಮ್ಮಡಿ ಮಾಡಿದರೆ ನಷ್ಟ ನಾಲ್ಕು ಪಟ್ಟಾಗುತ್ತದೆ. ಏಳು ಬಾರ್ ಕೊಡುವ ಪಂಪಿನಿಂದ ಹೊರಟು, ಕೊನೆಯಲ್ಲಿ ಜೆಟ್ಟಿಗೆ ಮೂರ್ನಾಲ್ಕು ಬಾರ್ ಉಳಿಯಬೇಕೆಂದರೆ ಸಮತಟ್ಟಾದ ನೆಲದಲ್ಲಿ ಮುನ್ನೂರು ಮೀಟರ್ ಸುಮಾರಾಗಿ ಮಿತಿ. ಅದರಾಚೆಗೆ ನಡುವೆ ಇನ್ನೊಂದು ಪಂಪನ್ನು ನಿಲ್ಲಿಸಿ ಒಂದರಿಂದೊಂದಕ್ಕೆ ದಾಟಿಸುವುದಕ್ಕೆ ರಿಲೇ ಎನ್ನುತ್ತಾರೆ. ಆರುನೂರು ಮೀಟರಿಗೆ 30 ಮೀಟರಿನ ಇಪ್ಪತ್ತು ಹೋಸುಗಳು ಬೇಕು. ಒಂದೇ ವಾಹನದಲ್ಲಿ ಅಷ್ಟು ಇರುವುದನ್ನು ನೆಚ್ಚಿಕೊಳ್ಳುವಂತಿಲ್ಲ. ರಸ್ತೆಗೆ ಅಡ್ಡಲಾಗಿ ಹಾಸಿದ ಹೋಸಿನ ಮೇಲೆ ಗಾಡಿ ಹತ್ತಿಸಿದರೆ ಇಡೀ ಸಾಲು ನಿಂತುಹೋಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಹೊಂಡದ ನೀರನ್ನು ಕೇಳದೆ ತೆಗೆದುಕೊಳ್ಳಲು ಅವರಿಗೆ ಅಧಿಕಾರವಿದೆಯೇ?

ಇದೆ. 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮವು ಬೆಂಕಿ ನಂದಿಸುವ ಕಾರ್ಯಾಚರಣೆಯ ಹೊತ್ತಿನಲ್ಲಿ ಹಳ್ಳ, ತೊಟ್ಟಿ, ಬಾವಿ, ಕೆರೆ ಮೊದಲಾದ ಲಭ್ಯವಿರುವ ಯಾವುದೇ ಮೂಲದ ನೀರನ್ನು, ಅದು ಸಾರ್ವಜನಿಕವಾಗಿರಲಿ ಖಾಸಗಿಯಾಗಿರಲಿ, ಬಳಸುವ ಅಧಿಕಾರವನ್ನು ಸ್ಥಳದಲ್ಲಿರುವ ದಳದ ಅಧಿಕಾರಿಗೆ ಕೊಡುತ್ತದೆ. ಹಾಗೆಂದು ಯಾವ ಠಾಣಾಧಿಕಾರಿಯೂ ಕಾನೂನು ಓದಿ ಹೇಳಿ ನೀರು ತೆಗೆಯುವುದಿಲ್ಲ. "ಅಣ್ಣಾ, ಮೋಟಾರ್ ಹಾಕಿ" ಎಂದು ಕೇಳುತ್ತಾರೆ. ಹಳ್ಳಿಯಲ್ಲಿ ಇಲ್ಲವೆಂದವರನ್ನು ನಾನು ಬಹಳ ಕಂಡಿಲ್ಲ.

ಕೊಳಕು ನೀರು, ಉಪ್ಪು ನೀರು ಆಗುತ್ತದೆಯೇ?

ಬೆಂಕಿಗೆ ಆಗುತ್ತದೆ, ಪಂಪಿಗೆ ಒಗ್ಗುವುದಿಲ್ಲ. ಮರಳು ಸೇರಿದ ನೀರು ಪಂಪಿನ ಒಳಭಾಗವನ್ನು ಸವೆಸುತ್ತದೆ; ಕರಾವಳಿಯ ಹಿನ್ನೀರು ಲೋಹವನ್ನು ತಿನ್ನುತ್ತದೆ. ಬಳಸಿದ ದಿನವೇ ಪಂಪು, ಟ್ಯಾಂಕು, ಹೋಸುಗಳನ್ನೆಲ್ಲ ಸಿಹಿನೀರಿನಿಂದ ತೊಳೆಯಬೇಕು.

ಹುಲ್ಲಿನ ಮೆದೆಗೆ ಎರಡು ಗಾಡಿ ನೀರು ಹೊಡೆದರೂ ಮಾರನೆಯ ದಿನ ಮತ್ತೆ ಹೊತ್ತಿಕೊಂಡಿತು. ಏಕೆ?

ಒತ್ತಾಗಿ ಒಟ್ಟಿದ ಮೆದೆಯ ಮೇಲಿನ ಹುಲ್ಲು ಹೆಂಚಿನ ಸೂರಿನಂತೆ ನೀರನ್ನು ಹೊರಕ್ಕೆ ಜಾರಿಸುತ್ತದೆ. ಹೊರಗಿನ ಜ್ವಾಲೆ ಆರಿದರೂ ಒಳಗಿನ ಕೆಂಡ ಹಾಗೆಯೇ ಇರುತ್ತದೆ. ಅಲ್ಲಿ ಬೇಕಾಗಿರುವುದು ಇನ್ನೊಂದು ಗಾಡಿ ನೀರಲ್ಲ, ಒಂದು ಜೆಸಿಬಿ. ಮೆದೆಯನ್ನು ಕೊಂಚ ಕೊಂಚವಾಗಿ ಬಿಡಿಸಿ ಹರಡುತ್ತ, ಬಿಡಿಸಿದಷ್ಟಕ್ಕೆ ಹೋಸ್ ರೀಲಿನಿಂದ ತೆಳುವಾಗಿ ಸಿಂಪಡಿಸಿದರೆ ಅರ್ಧ ಟ್ಯಾಂಕಿನಲ್ಲಿ ಮುಗಿಯುವ ಕೆಲಸ ಅದು. ನೀರಿಗೆ ನೊರೆದ್ರಾವಣ ಬೆರೆಸಿದರೆ ಅದರ ಮೇಲ್ಮೈ ಸೆಳೆತ ತಗ್ಗಿ ಹುಲ್ಲಿನೊಳಕ್ಕೆ ಇಳಿಯುತ್ತದೆ. ಹತ್ತಿಯ ಬೇಲುಗಳಿಗೂ ಕೊಬ್ಬರಿ ಶೆಡ್ಡುಗಳಿಗೂ ಇದೇ ಮಾತು. ನೀರು ಕಡಿಮೆಯಿರುವ ಕಡೆ ದಳ ಉರಿಯುತ್ತಿರುವ ಮೆದೆಯನ್ನು ಬಿಟ್ಟು ಪಕ್ಕದ ಮನೆಯ ಸೂರನ್ನು ತೋಯಿಸುತ್ತಿದ್ದರೆ ಅದು ಸರಿಯಾದ ನಿರ್ಧಾರ. ಕಣದ ಯಜಮಾನನಿಗೆ ಆ ಹೊತ್ತಿನಲ್ಲಿ ಅದನ್ನು ಒಪ್ಪಿಸುವುದು ಮಾತ್ರ ಬೆಂಕಿ ಆರಿಸುವುದಕ್ಕಿಂತ ಕಷ್ಟ.

ಕಾಡಿನ ಬೆಂಕಿಗೆ ನೀರನ್ನು ಹೇಗೆ ಒಯ್ಯುತ್ತಾರೆ?

ಬಹುಮಟ್ಟಿಗೆ ಒಯ್ಯುವುದೇ ಇಲ್ಲ. ಮುಂಚಿತವಾಗಿ ಸುಟ್ಟು ತೆರವು ಮಾಡಿದ ಬೆಂಕಿರೇಖೆಗಳು, ಹಸಿಸೊಪ್ಪಿನ ಕೊಂಬೆಗಳಿಂದ ಬಡಿಯುವುದು, ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪಡಣೆ ಯಂತ್ರ ಇವುಗಳ ಮೇಲೆಯೇ ಅರಣ್ಯ ಇಲಾಖೆಯ ಕೆಲಸ ನಿಂತಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಕೈಮೀರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ತೂಗುಬಕೆಟ್ಟುಗಳಿಂದ ನೀರು ಸುರಿದವು. ಅದು ತೀರ ಅಪರೂಪದ ಸಂದರ್ಭ.

ಬೇರೆ ದೇಶಗಳ ಹಳ್ಳಿಗಳಲ್ಲಿ ಎಲ್ಲ ಕಡೆ ಹೈಡ್ರೆಂಟ್ ಇರುತ್ತದೆಯೇ?

ಇರುವುದಿಲ್ಲ. ಅಮೆರಿಕದ ಗ್ರಾಮೀಣ ಪ್ರದೇಶಗಳ ಬಹುಭಾಗದಲ್ಲಿಯೂ ನೀರು ಟ್ಯಾಂಕರುಗಳಲ್ಲೇ ಬರುತ್ತದೆ. ಅಲ್ಲಿನ ಎರಡು ಪದ್ಧತಿಗಳು ನಮಗೆ ಗಮನಾರ್ಹ. ಒಂದು, ಮಡಚಿ ಒಯ್ಯಬಹುದಾದ ತೊಟ್ಟಿ. ಲೋಹದ ಚೌಕಟ್ಟಿಗೆ ಟಾರ್ಪಾಲಿನಂತಹ ಬಟ್ಟೆ ಹೊಂದಿಸಿದ, ಏಳರಿಂದ ಹನ್ನೊಂದು ಸಾವಿರ ಲೀಟರ್ ಹಿಡಿಯುವ ಈ ತೊಟ್ಟಿಯನ್ನು ರಸ್ತೆಯಲ್ಲೇ ಬಿಚ್ಚುತ್ತಾರೆ. ಟ್ಯಾಂಕರ್ ಬಂದು ಹಿಂಬದಿಯ ಅಗಲವಾದ ಬಾಗಿಲನ್ನು ತೆರೆದು ಒಂದೆರಡು ನಿಮಿಷದಲ್ಲಿ ನೀರನ್ನೆಲ್ಲ ಧುಮುಕಿಸಿ ಹೊರಟುಬಿಡುತ್ತದೆ. ಪಂಪು ಆ ತೊಟ್ಟಿಯಿಂದ ಎಳೆಯುತ್ತಿರುತ್ತದೆ. ನಮ್ಮಲ್ಲಿ ಖಾಸಗಿ ಟ್ಯಾಂಕರುಗಳು ಎರಡಿಂಚಿನ ಪೈಪಿನಲ್ಲಿ ಸುರಿಯುತ್ತ ಸಾಲಾಗಿ ಕಾಯುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಎರಡನೆಯದು ಒಣ ಹೈಡ್ರೆಂಟ್. ಕೊಳದ ನೀರಿನೊಳಗಿನಿಂದ ರಸ್ತೆಬದಿಯವರೆಗೆ ಹೂತ ಖಾಲಿ ಕೊಳವೆ ಅದು. ವಾಹನ ರಸ್ತೆಯಲ್ಲೇ ನಿಂತು ಸಕ್ಷನ್ ಹೋಸ್ ಸಿಕ್ಕಿಸಿ ನೀರೆಳೆಯಬಹುದು. ನಮ್ಮ ಕೆರೆಗಳಿಗೆ ಇದನ್ನು ಹಾಗೆಯೇ ತರುವುದು ಕಷ್ಟ. ಕಾರ್ತಿಕದಲ್ಲಿ ಕೋಡಿ ಹರಿಯುವ ಕೆರೆ ಚೈತ್ರದಲ್ಲಿ ತೂಬಿನ ಬಳಿಯ ಗುಂಡಿಯಷ್ಟಾಗುತ್ತದೆ, ಬೆಂಕಿಗಳು ಹೆಚ್ಚುವುದೂ ಆಗಲೇ. ನೀರು ಅಷ್ಟು ಇಳಿದಾಗ ಏರಿಯ ಮೇಲಿನಿಂದ ಎತ್ತರದ ಮಿತಿ ದಾಟುತ್ತದೆ, ಕೊಳವೆಯ ಬಾಯಿ ಹೂಳಿನಲ್ಲಿ ಮುಚ್ಚುತ್ತದೆ. ವರ್ಷವಿಡೀ ನೀರಿರುವ ಮಲೆನಾಡಿನ ಕೆರೆಗಳಲ್ಲಿಯೂ ಕಾಫಿ ತೋಟಗಳ ಕೆರೆಗಳಲ್ಲಿಯೂ ಮಾತ್ರ ಯೋಚಿಸಬಹುದು.

ಹಾಗಾದರೆ ಪಂಚಾಯಿತಿ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಮೊದಲನೆಯದಾಗಿ, ಓವರ್‌ಹೆಡ್ ಟ್ಯಾಂಕಿನ ತಳದ ವಾಲ್ವಿಗೆ ಅಗ್ನಿಶಾಮಕ ದಳದ 63 ಮಿ.ಮೀ. ಹೋಸ್ ಕೂರುವ ಕಪ್ಲಿಂಗ್ ಒಂದನ್ನು ಹಾಕಿಸಬೇಕು. ಅಳತೆ ಮತ್ತು ನಮೂನೆಯನ್ನು ತಾಲ್ಲೂಕು ಠಾಣೆಯವರನ್ನು ಕೇಳಿಯೇ ಖರೀದಿಸಬೇಕು. ಅಂಗಡಿಯವರು ಕೊಟ್ಟದ್ದನ್ನು ತಂದು ಹಾಕಿ, ಕೊನೆಗೆ ಹೋಸ್ ಕೂರದೆ ಗೋಣಿತಾಟು ಸುತ್ತಿ ಹಿಡಿದ ಪ್ರಸಂಗಗಳಿವೆ. ನಾನು ಒಂದೇ ಕೆಲಸವನ್ನು ಸೂಚಿಸಬೇಕಾದರೆ ಇದನ್ನೇ ಸೂಚಿಸುತ್ತೇನೆ.

ಹಣವಿದ್ದರೆ, ಕೆರೆಯ ಒಂದು ಬದಿಯಲ್ಲಿ ಬೇಸಿಗೆಯ ನೀರಿನ ಮಟ್ಟದವರೆಗೆ ಹೋಗುವಂತೆ ಕಲ್ಲು ಹಾಸಿದ ಇಳಿಜಾರು ಮತ್ತು ಅದರ ತುದಿಯಲ್ಲಿ ವಾಹನ ನಿಲ್ಲುವಷ್ಟು ಕಾಂಕ್ರೀಟ್ ಕಟ್ಟೆ ಮಾಡಿಸಬಹುದು. ದನಗಳನ್ನು ಇಳಿಸಲೂ ಗಣೇಶನನ್ನು ಬಿಡಲೂ ಅದೇ ಒದಗುವುದರಿಂದ ಗ್ರಾಮಸಭೆಯಲ್ಲಿ ವಿರೋಧ ಬರುವ ಸಂಭವ ಕಡಿಮೆ. ಜೊತೆಗೆ ಊರಿನ ನೀರಿನ ಮೂಲಗಳ ಪಟ್ಟಿಯೊಂದನ್ನು, ಪ್ರತಿಯೊಂದಕ್ಕೂ ದೊಡ್ಡ ವಾಹನ ಹೋಗುತ್ತದೆಯೇ, ಮೋಟಾರು ಯಾರದು, ಏಪ್ರಿಲ್‌ನಲ್ಲಿ ನೀರಿರುತ್ತದೆಯೇ ಎಂಬ ಮೂರು ವಿವರಗಳೊಂದಿಗೆ ಬರೆದು ಠಾಣೆಗೆ ಕೊಡಬೇಕು. ಮಾರ್ಚ್ ಬಂದ ಕೂಡಲೇ ಅದನ್ನು ಮತ್ತೊಮ್ಮೆ ನೋಡಬೇಕು, ಏಕೆಂದರೆ ಹಿಂದಿನ ವರ್ಷ ತುಂಬಿದ್ದ ಹೊಂಡ ಈ ವರ್ಷ ಒಣಗಿರಬಹುದು ಅಥವಾ ದಾರಿಗೆ ಬೇಲಿ ಬಿದ್ದಿರಬಹುದು.

ಕರೆ ಮಾಡುವಾಗ ನೀರಿನ ಬಗ್ಗೆ ಏನು ಹೇಳಬೇಕು?

101 ಅಥವಾ 112ಕ್ಕೆ ಕರೆ ಮಾಡಿದಾಗ ಊರಿನ ಹೆಸರು, ಹೋಬಳಿ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂಬುದನ್ನು ಮೊದಲು ಹೇಳಿ. ಅದಾದ ಮೇಲೆ ನೀರು ಎಲ್ಲಿದೆ, ಅಲ್ಲಿಯವರೆಗೆ ಲಾರಿ ಹೋಗುತ್ತದೆಯೇ ಎಂದು ಒಂದು ವಾಕ್ಯ ಸೇರಿಸಿ. "ಹತ್ತಿರದಲ್ಲೇ ಕೆರೆ ಇದೆ" ಎಂದರೆ ಸಾಲದು. "ಕೆರೆ ಇದೆ, ಆದರೆ ಏರಿಯಿಂದ ಇಳಿಯೋಕೆ ದಾರಿ ಇಲ್ಲ, ಶಾಲೆ ಹಿಂದಿನ ಟ್ಯಾಂಕ್ ತುಂಬಿದೆ" ಎಂದು ಹೇಳಿದರೆ ಠಾಣೆಯಲ್ಲಿ ಕೂತವರು ಹೊರಡುವ ಮುನ್ನವೇ ಎರಡನೆಯ ವಾಹನ ಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಫೋನ್ ಇಟ್ಟ ಮೇಲೆ ನೀರುಗಂಟಿಗೆ ತಿಳಿಸಿ, ಊರಿನ ಟ್ಯಾಂಕಿನಿಂದ ಮನೆಗಳಿಗೆ ಹೋಗುವ ವಾಲ್ವನ್ನು ಮುಚ್ಚಿಸಿ. ಬೆಂಕಿ ಕಂಡ ಕೂಡಲೇ ಪ್ರತಿ ಮನೆಯವರೂ ಕೊಡಗಳನ್ನು ಹಿಡಿದು ನಲ್ಲಿ ತಿರುಗಿಸುವುದರಿಂದ, ವಾಹನ ಬಂದು ನಿಲ್ಲುವ ಹೊತ್ತಿಗೆ ಟ್ಯಾಂಕಿನಲ್ಲಿ ಮೊಣಕಾಲುದ್ದ ನೀರೂ ಉಳಿದಿರುವುದಿಲ್ಲ.